ಈ ಬಿಂದಿಯ ಫಿರ್ಯಾದಿ ಯಾರು?

ನಮ್ಮೂರಿನ ವಾಚನಾಲಯದ ಗೋಡೆಯಲ್ಲಿ ಒಂದು ನಕ್ಷೆ ಇದೆ. ನಾಲ್ಕು ಚಾರ್ಟ್ ಪೇಪರ್ ಸೇರಿಸಿ ಅಂಟಿಸಿದ್ದು. ಅದರ ಮೇಲೆ ಕೆಂಪು ಬಿಂದಿಗಳು. ಹೆಂಗಸರು ಹಣೆಗೆ ಅಂಟಿಸಿಕೊಳ್ಳುತ್ತಾರಲ್ಲ, ಅವೇ, ಫ್ಯಾನ್ಸಿ ಅಂಗಡಿಯಿಂದ ತಂದದ್ದು. ಒಂದು ಬಿಂದಿ ಅಂದರೆ ಒಂದು ಎಫ್‌ಐಆರ್. ಕಳೆದ ಮಳೆಗಾಲದಲ್ಲಿ ಈ ನಕ್ಷೆಯಿಂದಾಗಿ ಊರಲ್ಲಿ ಎರಡು ತಿಂಗಳು ಕೆಲವರು ಕೆಲವರ ಮುಖ ನೋಡಲಿಲ್ಲ.

ಹಳೇ ಕೇಸುಗಳ ಲೆಕ್ಕ ಹಿಡಿದು ಮುಂದಿನ ಅಪರಾಧ ಎಲ್ಲಿ ಆಗಬಹುದು ಎಂದು ಊಹಿಸಿ ಪೊಲೀಸರನ್ನು ಅಲ್ಲಿಗೆ ಮೊದಲೇ ಕಳಿಸಬೇಕೋ ಬೇಡವೋ ಎಂಬುದು ದೊಡ್ಡ ನಗರಗಳ ಜಗಳ ಎಂದುಕೊಂಡಿದ್ದೆ. ಲಾಸ್ ಏಂಜಲೀಸ್, ಶಿಕಾಗೋ, ದಿಲ್ಲಿ, ಹೀಗೆ. ಕಾರವಾರ ತಾಲೂಕಿನ ಒಂದು ಮೂಲೆಯಲ್ಲಿ ಬಿಂದಿ ಹಾಳೆಯೊಂದರ ಮೇಲೆ ಅದೇ ಜಗಳ ನಡೆದಾಗ, ಕಂಪ್ಯೂಟರ್ ಇರಲಿ ಬಿಡಲಿ, ಎಡವುವ ಜಾಗ ಒಂದೇ ಎಂದು ಗೊತ್ತಾಯಿತು.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಠಾಣೆ ಯಾವುದು, ಮನೆ ಯಾವುದು ಎಂದು ಒಂದೇ ಗಂಟೆಯಲ್ಲಿ ತಿಳಿಯುವಷ್ಟು ಸಣ್ಣ ಜಾಗ ನಮ್ಮದು. ಕಾಳಿ ನದಿ ದಾಟಿ, ಸದಾಶಿವಗಡ ಬಿಟ್ಟು ಮಾಜಾಳಿ ಗಡಿ ಕಡೆ ಹೋಗುವ ಹೆದ್ದಾರಿ 66 ನಮ್ಮೂರನ್ನು ಸೀಳಿಕೊಂಡೇ ಹೋಗುತ್ತದೆ. ನಮ್ಮ ಕಡೆ ವಾಡೆ ಅಂದರೆ ಕೇರಿ. ಹೆದ್ದಾರಿಯಿಂದ ಕಡಲ ಬದಿಗೆ ಇರುವುದನ್ನು ಬಂದರು ವಾಡೆ ಅನ್ನೋಣ. ಗುಡ್ಡದ ಬದಿಯದು ಗದ್ದೆ ವಾಡೆ. ನಾನು ಗದ್ದೆ ವಾಡೆಯವನು. ಪಿಯು ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತೇನೆ, ವಾಚನಾಲಯದ ಕೀಲಿ ನನ್ನ ಹತ್ತಿರ ಇರುತ್ತದೆ. ಈ ಪ್ರಕರಣದಲ್ಲಿ ನನ್ನ ತಪ್ಪೂ ಒಂದಿದೆ, ಅದು ಮುಂದೆ ಬರುತ್ತದೆ.

ಎರಡು ಪೇದೆ, ಒಂದು ಬೈಕು

ಮೇ ಕೊನೆಯಲ್ಲಿ ಕಳ್ಳತನ ಶುರುವಾಯಿತು. ಗದ್ದೆ ವಾಡೆಯಲ್ಲಿ ಒಂದು ಪಂಪ್‌ಸೆಟ್ ಹೋಯಿತು. ಆಮೇಲೆ ಗುಡಿಯ ಹುಂಡಿ ಒಡೆದರು. ಅದರಲ್ಲಿದ್ದ ಚಿಲ್ಲರೆ ಎಷ್ಟೋ ಏನೋ, ಆದರೆ ಹುಂಡಿ ಒಡೆದರು ಅನ್ನುವುದೇ ಊರಿಗೆ ದೊಡ್ಡ ಮಾತು. ನಂತರ ಬಂದರು ವಾಡೆಯ ಔಟ್‌ಬೋರ್ಡ್ ಎಂಜಿನ್‌ಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಸಣ್ಣ ನಾಡದೋಣಿಯವರೂ ಕಡಲು ಕೆಟ್ಟಿರುವಾಗ ದೋಣಿಯನ್ನು ಮರಳಿನ ಮೇಲೆ ಎಳೆದು, ತೆಂಗಿನ ಗರಿ, ಟಾರ್ಪಾಲು ಹೊದಿಸಿಡುತ್ತಾರೆ. ಎಂಜಿನ್ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತರುವುದು ರೂಢಿ. ಆದರೆ ನಡುವೆ ಎರಡು ದಿನ ಕಡಲು ತಣ್ಣಗಾದರೆ ಮತ್ತೆ ಹೊರಬೇಕಲ್ಲ ಎಂದು ಕೆಲವರು ದೋಣಿಯಲ್ಲೇ ಬಿಡುತ್ತಾರೆ. ಹೋದದ್ದು ಅಂಥವೇ. ಒಂದು ಎಂಜಿನ್ ಹೋದರೆ ಆ ಮನೆಗೆ ಆ ವರ್ಷವೇ ಹೋದಂತೆ.

ಎರಡೂ ವಾಡೆಯವರು ಸೇರಿ ರಾತ್ರಿ ಬೀಟ್ ಬೇಕು ಎಂದು ಠಾಣೆಗೆ ಮನವಿ ಕೊಟ್ಟೆವು. ಅಲ್ಲಿನ ಸಾಹೇಬರು ಕೆಟ್ಟವರೇನಲ್ಲ. ಚಹಾ ತರಿಸಿದರು. ರಾತ್ರಿಗೆ ಇಬ್ಬರು ಪೇದೆ, ಒಂದು ಬೈಕು, ನಿಮ್ಮ ಊರೂ ಸೇರಿ ಇಷ್ಟುದ್ದದ ಸರಹದ್ದು, ಎಲ್ಲಿಗೆ ಕಳಿಸಲಿ ನೀವೇ ಹೇಳಿ ಎಂದರು. ಈ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. 10,291 ಚದರ ಕಿಲೋಮೀಟರ್ ಇರುವ ಜಿಲ್ಲೆ ಇದು, ಮುಕ್ಕಾಲಿಗಿಂತ ಜಾಸ್ತಿ ಕಾಡು. ಇಲ್ಲಿ ಎಲ್ಲ ಕಡೆ ಪೊಲೀಸ್ ಇಡುವುದು ಯಾರ ಕೈಯಲ್ಲೂ ಆಗದ ಕೆಲಸ. ಯಾವ ಠಾಣೆಯವರಾದರೂ ಸಂಜೆ ಡ್ಯೂಟಿ ಬರೆಯುವಾಗ ಇವತ್ತು ರಾತ್ರಿ ಇಲ್ಲಿ ಏನೋ ಆಗಬಹುದು ಎಂದು ಊಹಿಸಿಯೇ ಬರೆಯುತ್ತಾರೆ. ಬೀಟ್ ಡ್ಯೂಟಿಯಲ್ಲೇ ಕೂದಲು ಬೆಳ್ಳಗಾದ, ಈಗ ನಿವೃತ್ತರಾಗಿರುವ ನಮ್ಮೂರ ಹಿರಿಯರೊಬ್ಬರು ಹೇಳುವ ಪ್ರಕಾರ ಅವರ ಕಾಲದಲ್ಲಿ ಅಮಾವಾಸ್ಯೆ, ಜಾತ್ರೆ, ಬೋಟಿನವರಿಗೆ ಪಾಲು ಹಂಚುವ ದಿನ, ಈ ಮೂರು ನೋಡಿ ಬೀಟ್ ಹಾಕುತ್ತಿದ್ದರಂತೆ. ಅಮಾವಾಸ್ಯೆಯ ಮಾತಿಗೆ ನಗಬೇಡಿ. 2023ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಪೊಲೀಸ್ ಮಹಾನಿರ್ದೇಶಕರೇ ಪಂಚಾಂಗ ನೋಡಿ, ಅಮಾವಾಸ್ಯೆಯ ಹಿಂದೆ ಮುಂದೆ ಗಸ್ತು ಬಿಗಿ ಮಾಡಿ ಎಂದು ಸುತ್ತೋಲೆ ಕಳಿಸಿದ್ದರು.

ಪಂಚಾಂಗಕ್ಕಿಂತ ಲೆಕ್ಕ ಮೇಲು ಎಂದು ನಾನೂ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ವಾಡೆಯ ಒಬ್ಬಳು ಹುಡುಗಿಯೂ ಕೂತೆವು. ಎಫ್‌ಐಆರ್‌ಗಳು ಈಗ ಗುಟ್ಟಿನ ಕಾಗದವಲ್ಲ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಎಂದು 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅವಳು ಮೂರು ವರ್ಷದ್ದನ್ನು ಇಳಿಸಿಕೊಂಡು, ನಮ್ಮ ಊರಿನವನ್ನು ಬೇರೆ ಮಾಡಿ, ಕೃತ್ಯ ನಡೆದ ಸ್ಥಳದ ಕಾಲಂ ಓದಿ ಓದಿ ನಕ್ಷೆಯ ಮೇಲೆ ಬಿಂದಿ ಅಂಟಿಸಿದಳು.

ಬಂದರು ವಾಡೆ ಕೆಂಪಾಯಿತು. ಗದ್ದೆ ವಾಡೆ ಹೆಚ್ಚುಕಡಿಮೆ ಬಿಳಿ.

ನಕ್ಷೆ ಮಾತಾಡಿದ್ದು

ಸಭೆ ಕರೆದೆವು. ನಮ್ಮ ವಾಡೆಯವರು ನಕ್ಷೆ ನೋಡಿ ತಲೆಯಾಡಿಸಿದ ರೀತಿ ನನಗೆ ಇನ್ನೂ ನೆನಪಿದೆ. ನಾವು ಹೇಳಿದ್ದೇ ಆಯ್ತಲ್ವಾ, ಎಂಬ ಮುಖ. ಬಂದರು ವಾಡೆಯ ಹುಡುಗರು ಹಿಂದೆ ನಿಂತಿದ್ದರು, ಒಬ್ಬ ಎದ್ದು ಹೊರಗೆ ಹೋದ. ಆಗ ನಾನು ಮೇಷ್ಟ್ರ ಗತ್ತಿನಲ್ಲಿ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡಿ, ಲೆಕ್ಕಕ್ಕೆ ಜಾತಿ ಇಲ್ಲ, ವಾಡೆ ಇಲ್ಲ, ಇದ್ದದ್ದನ್ನು ತೋರಿಸುತ್ತದೆ ಅಷ್ಟೇ. ಮುಂದೆ ಬರುತ್ತದೆ ಎಂದ ನನ್ನ ತಪ್ಪು ಇದೇ.

ನಕ್ಷೆಯ ಫೋಟೋ ಠಾಣೆಗೆ ಹೋಯಿತು. ಬೀಟ್ ಬಂದರು ವಾಡೆಗೆ ಬಿತ್ತು. ರಾತ್ರಿ ಒಂಬತ್ತಕ್ಕೆ ಬೈಕು ಬಂದು ಹೆದ್ದಾರಿಯ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿತ್ತು. ಹಿಂದೆ ಗುಡಿಯ ಕಂಬಕ್ಕೆ ಕಟ್ಟಿದ ಡಬ್ಬಿಯಲ್ಲಿ ಪಾಯಿಂಟ್ ಬುಕ್ ಇರುತ್ತಿತ್ತು, ಪೇದೆ ಬಂದು ಸಹಿ ಹಾಕಬೇಕಿತ್ತು. ಈಗ ಕ್ಯೂಆರ್ ಕೋಡ್, ಮೊಬೈಲಿನಲ್ಲಿ ಒಮ್ಮೆ ತೋರಿಸಿದರೆ ಬಂದದ್ದು ದಾಖಲಾಗುತ್ತದೆ. ಬಂದವರು ಬರಿಗೈಯಲ್ಲಿ ಹೋಗುವುದು ಹೇಗೆ? ಬಸ್ಸಿಳಿದವನ ಚೀಲ ನೋಡಿದರು. ಗೋವಾದ ಅಬಕಾರಿ ಸುಂಕ ಕಡಿಮೆ, ಬಾಟ್ಲಿ ಅಗ್ಗ, ಗಡಿ ಕೂಗಳತೆ ದೂರ. ಚೀಲದಲ್ಲಿ ನಾಲ್ಕು ಬಾಟ್ಲಿ ಸಿಕ್ಕರೆ ಒಂದು ಅಬಕಾರಿ ಕೇಸು. ಅಂಗಡಿ ಹಿಂದೆ ಓಸಿ, ಅಂದರೆ ಮಟ್ಕಾ ಜೂಜಿನ ಚೀಟಿ ಬರೆಯುವವನು ಸಿಕ್ಕರೆ 78(3). ಕರ್ನಾಟಕ ಪೊಲೀಸ್ ಕಾಯ್ದೆಯ ಆ ಕಲಂ ನಂಬರು ನಮ್ಮ ಕಡೆ ಕಾನೂನು ಓದದವರಿಗೂ ಬಾಯಿಪಾಠ. ತಿಂಗಳಲ್ಲಿ ಬಂದರು ವಾಡೆಗೆ ಇನ್ನಷ್ಟು ಬಿಂದಿ. ನೋಡಿ, ನಕ್ಷೆ ಸರಿಯಾಗೇ ಹೇಳಿತ್ತು ಎಂದರು ನಮ್ಮವರು.

ಅದೇ ತಿಂಗಳು, ಅದೇ ಬಂದರು ವಾಡೆಯಲ್ಲಿ, ಬಸ್ ಸ್ಟಾಪಿನಿಂದ ಐದು ನಿಮಿಷ ನಡೆದರೆ ಸಿಗುವ ಮರಳಿನಿಂದ ಇನ್ನೊಂದು ಎಂಜಿನ್ ಹೋಯಿತು.

ಎರಡು ದಿನ ಬಿಟ್ಟು ಆ ಮನೆಯ ಹೆಂಗಸು ವಾಚನಾಲಯಕ್ಕೆ ಬಂದರು. ಮೀನು ಮಾರಿ ಬರುತ್ತಿದ್ದವರು, ಬುಟ್ಟಿ ಹೊರಗೆ ಮೆಟ್ಟಿಲ ಮೇಲಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಬಂದರು. ನಕ್ಷೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಅವರು ಕೊಂಕಣಿಯಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳಿದರೆ ಇಷ್ಟು: ಮಾಸ್ತರ್, ಇದರಲ್ಲಿ ನನ್ನ ಮಗನ ಎಂಜಿನ್ ಯಾವುದು?

ಹುಡುಕಿದೆ. ಇರಲಿಲ್ಲ. ಹಿಂದೆ ಹೋದ ಎಂಜಿನ್‌ಗಳದ್ದೂ ಇರಲಿಲ್ಲ. ಇಡೀ ವಾಡೆ ಕೆಂಪು ಚುಕ್ಕೆಗಳಿಂದ ತುಂಬಿತ್ತು, ಆ ವಾಡೆಯವರು ಕಳೆದುಕೊಂಡ ಒಂದು ವಸ್ತುವಿನ ಗುರುತೂ ಅದರಲ್ಲಿ ಇರಲಿಲ್ಲ.

ಸರಕಾರಿ ತರ್ಫೆ

ಆ ರಾತ್ರಿ ಹುಡುಗಿಗೆ ಫೋನ್ ಮಾಡಿದೆ. ಇಳಿಸಿಕೊಂಡ ಎಫ್‌ಐಆರ್‌ಗಳನ್ನೆಲ್ಲ ಮತ್ತೆ ತೆರೆದೆವು. ಈ ಸಲ ಸ್ಥಳದ ಕಾಲಂ ಬಿಟ್ಟು ಫಿರ್ಯಾದಿಯ ಕಾಲಂ ಓದಿದೆವು. ಒಂದರ ಹಿಂದೆ ಒಂದು, ಸರಕಾರಿ ತರ್ಫೆ, ಸರಕಾರಿ ತರ್ಫೆ, ಸರಕಾರಿ ತರ್ಫೆ. ಅಂದರೆ ಯಾರೂ ಬಂದು ದೂರು ಕೊಟ್ಟಿಲ್ಲ. ಪೊಲೀಸರೇ ಹೋಗಿದ್ದಾರೆ, ಪೊಲೀಸರಿಗೇ ಸಿಕ್ಕಿದೆ, ಪೊಲೀಸರೇ ಫಿರ್ಯಾದಿ. ಬಂದರು ವಾಡೆಯ ಬಿಂದಿಗಳಲ್ಲಿ ಬಹುಪಾಲು ಇಂಥವು. ಪಕ್ಕದ ಮನೆಯವ ಹೊಡೆದ, ಸರ ಕಿತ್ತರು, ಬೈಕ್ ಕದ್ದರು ಎಂದು ಮನುಷ್ಯರೊಬ್ಬರು ಬಂದು ಬರೆಸಿದ್ದು ಬೆರಳೆಣಿಕೆ. ಗದ್ದೆ ವಾಡೆಯಲ್ಲಿ ಇದ್ದ ಕೆಲವೇ ಬಿಂದಿಗಳಲ್ಲಿ ಹೆಚ್ಚಿನವು ಮನುಷ್ಯರ ಫಿರ್ಯಾದಿಯವು.

ಇಷ್ಟೇ ವಿಷಯ. ಆದರೆ ಇಷ್ಟರಲ್ಲೇ ನಕ್ಷೆಯ ಅರ್ಥ ತಲೆಕೆಳಗಾಗುತ್ತದೆ. ಕಳ್ಳತನದ ಕೇಸು ಜನ ಹೋದಲ್ಲಿ ಹುಟ್ಟುತ್ತದೆ. ಬಾಟ್ಲಿಯ ಕೇಸು, ಓಸಿ ಕೇಸು ಪೊಲೀಸ್ ಹೋದಲ್ಲಿ ಹುಟ್ಟುತ್ತದೆ. ನಾವು ಎರಡಕ್ಕೂ ಒಂದೇ ಬಣ್ಣದ ಬಿಂದಿ ಹಚ್ಚಿ, ಪೊಲೀಸರು ಹಿಂದೆ ಎಲ್ಲಿಗೆ ಹೋಗಿದ್ದರು ಎಂಬ ನಕ್ಷೆಯನ್ನು, ಅಪರಾಧ ಎಲ್ಲಾಗುತ್ತದೆ ಎಂಬ ನಕ್ಷೆ ಎಂದು ಪೊಲೀಸರಿಗೇ ವಾಪಸ್ ಕೊಟ್ಟಿದ್ದೆವು.

ಮಕ್ಕಳಿಗೆ ಕಲಿಸುವ ಹಾಗೆ ಒಂದು ಲೆಕ್ಕ ಮಾಡಿ ನೋಡಿ. ಎರಡು ವಾಡೆ, ಎರಡರಲ್ಲೂ ರಾತ್ರಿ ಹುಡುಕಿದರೆ ಒಂದೊಂದು ಬಾಟ್ಲಿ ಕೇಸು ಸಿಕ್ಕೇ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹಳೇ ದಾಖಲೆಯಲ್ಲಿ ಒಂದರದ್ದು 6, ಇನ್ನೊಂದರದ್ದು 4. ಬೈಕು ಒಂದೇ, ಆದ್ದರಿಂದ ದಿನಾ ಜಾಸ್ತಿ ಇರುವ ಕಡೆ ಹೋಗುತ್ತದೆ. ಹತ್ತು ರಾತ್ರಿ ಕಳೆದರೆ 16ಕ್ಕೆ 4. ಎರಡೂ ವಾಡೆಯ ಜನ ಒಂಚೂರೂ ಬದಲಾಗಿಲ್ಲ. ಕಾಗದದಲ್ಲಿ ಮಾತ್ರ ಒಂದು ವಾಡೆ ಇನ್ನೊಂದಕ್ಕಿಂತ ನಾಲ್ಕು ಪಟ್ಟು ಕೆಟ್ಟದ್ದು.

ಅಮೆರಿಕದ ಓಕ್ಲೆಂಡ್ ನಗರದ ದಾಖಲೆ ಇಟ್ಟುಕೊಂಡು ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ 2016ರಲ್ಲಿ ತೋರಿಸಿದ್ದು ಹೆಚ್ಚುಕಡಿಮೆ ಇದನ್ನೇ. ಸಮೀಕ್ಷೆಯ ಪ್ರಕಾರ ಮಾದಕ ವಸ್ತು ಬಳಸುವವರು ಊರ ತುಂಬ ಹರಡಿದ್ದಾರೆ. ಪೊಲೀಸ್ ದಾಖಲೆಯ ಪ್ರಕಾರ ಕಪ್ಪು ಜನ, ಬಡವರು ಇರುವ ಕೆಲವು ಕೇರಿಗಳಲ್ಲಿ ಮಾತ್ರ ಇದ್ದಾರೆ. ಆ ದಾಖಲೆಯನ್ನು ಊಹೆಯ ಸಾಫ್ಟ್‌ವೇರಿಗೆ ಕೊಟ್ಟರೆ ಅದು ಮತ್ತೆ ಅದೇ ಕೇರಿಗಳಿಗೆ ಹೋಗಿ ಎನ್ನುತ್ತದೆ. ಆ ಸಾಫ್ಟ್‌ವೇರಿನ ಹೆಸರು ಪ್ರೆಡ್‌ಪೋಲ್. ಭೂಕಂಪ ಆದಮೇಲೆ ಹತ್ತಿರದಲ್ಲೇ ಸಣ್ಣ ಸಣ್ಣ ಕಂಪನ ಆಗುತ್ತವಲ್ಲ, ಅದರ ಗಣಿತವನ್ನೇ ಕನ್ನಗಳವಿಗೆ ಒಗ್ಗಿಸಿ ಮಾಡಿದ್ದು. ಒಂದು ಮನೆಗೆ ಕನ್ನ ಬಿದ್ದರೆ ಕೆಲವು ದಿನಗಳಲ್ಲಿ ಅಕ್ಕಪಕ್ಕದ ಮನೆಗೂ ಬೀಳುವ ಸಂಭವ ಜಾಸ್ತಿ. ಇದು ನಿಜ, ಬೇರೆ ಬೇರೆ ದೇಶಗಳಲ್ಲಿ ಕಂಡುಬಂದ ಸಂಗತಿ. ಆ ಮಟ್ಟಿಗೆ ಅದರ ಹಿಂದಿನ ಯೋಚನೆ ಹುರುಳಿಲ್ಲದ್ದೇನಲ್ಲ. ಮಾದಕ ವಸ್ತುವಿನ ಕೇಸು, ಬಂಧನದ ಲೆಕ್ಕ ನಾವು ಹಾಕುವುದೇ ಇಲ್ಲ, ಜನ ಕೊಟ್ಟ ದೂರು ಮಾತ್ರ ಹಾಕುತ್ತೇವೆ ಎಂದು ಆ ಕಂಪನಿ ಹೇಳಿಕೊಂಡಿತ್ತು ಕೂಡ.

ಇದು ಗಟ್ಟಿ ಉತ್ತರ. ಅರ್ಧ ದಾರಿಯವರೆಗೆ ನಾನೂ ಒಪ್ಪುತ್ತೇನೆ. ಉಳಿದರ್ಧಕ್ಕೆ ಎಂಜಿನ್ ಕಳೆದುಕೊಂಡ ಮನೆಯ ಕಥೆ ಕೇಳಬೇಕು.

ದೂರು ಯಾಕೆ ಕೊಡಲಿಲ್ಲ

ಅವರು ಠಾಣೆಗೆ ಹೋಗಿದ್ದರು. ಎಂಜಿನ್ ನಂಬರ್ ಎಷ್ಟು ಎಂದು ಕೇಳಿದರಂತೆ. ಎಂಜಿನ್ ಸೆಕೆಂಡ್ ಹ್ಯಾಂಡ್, ಭಟ್ಕಳದ ಕಡೆಯವರೊಬ್ಬರಿಂದ ತೆಗೆದುಕೊಂಡಿದ್ದು, ಬಿಲ್ ಇಲ್ಲ. ಬಿಲ್ ತೆಗೆದುಕೊಂಡು ಬನ್ನಿ ಎಂದರು. ಇನ್ನೊಂದು ಮನೆಯವರಿಗೆ ಅರ್ಜಿ ತೆಗೆದುಕೊಂಡು ಹಿಂಬರಹ ಕೊಟ್ಟು ಕಳಿಸಿದ್ದರು, ಅವರು ಆ ಚೀಟಿಯನ್ನೇ ಕೇಸು ಎಂದುಕೊಂಡು ದೇವರ ಫೋಟೋ ಹಿಂದೆ ಜೋಪಾನವಾಗಿಟ್ಟಿದ್ದರು. ಮೂರನೆಯವರು ಹೋಗಲೇ ಇಲ್ಲ. ಯಾಕೆ ಎಂದರೆ, ಅವರ ಮಗನ ಮೇಲೆ ಹಳೇ 78(3) ಒಂದಿದೆ, ಠಾಣೆಗೆ ಹೋದರೆ ಮೊದಲು ಅವನನ್ನೇ ಕೂರಿಸಿಕೊಂಡು ಕೇಳುತ್ತಾರೆ ಎಂಬ ಭಯ.

ಸಂಜ್ಞೇಯ (ಪೊಲೀಸರೇ ನೇರವಾಗಿ ತನಿಖೆ ಮಾಡಬಹುದಾದ) ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದೆ. 2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ದೂರನ್ನು ಮೊಬೈಲಿನಿಂದಲೂ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಿದರಾಯಿತು. ಬಿಲ್ ಬೇಕು ಅಂತ ಎಲ್ಲೂ ಇಲ್ಲ. ಆದರೆ ಇದು ಬಂದರು ವಾಡೆಗೆ ಯಾರು ಹೇಳಬೇಕು? ಅವರ ಕಡೆ ಬರುವ ಪೊಲೀಸ್ ಚೀಲ ನೋಡಲು ಬರುತ್ತಾರೆ. ಹಾಗೆ ಬಂದವರ ಹತ್ತಿರ ಯಾರೂ ತಮ್ಮ ಕಷ್ಟ ಹೇಳಿಕೊಳ್ಳುವುದಿಲ್ಲ. ಬಾಟ್ಲಿ ಕೇಸು ಜಾಸ್ತಿಯಾದಷ್ಟೂ ಕಳ್ಳತನದ ದೂರು ಕಡಿಮೆಯಾಗುತ್ತ ಹೋಯಿತು ಎಂಬುದು ನನ್ನ ಅನುಮಾನ. ಅಂದಮೇಲೆ ಜನರ ದೂರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೂ ಆ ಲೆಕ್ಕ ಸಮ ಇರುವುದಿಲ್ಲ.

ಇದು ಪೊಲೀಸ್ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ತನ್ನ ವಾರ್ಷಿಕ ವರದಿಯಲ್ಲೇ ಎಚ್ಚರಿಕೆ ಕೊಡುತ್ತದೆ: ಅಪರಾಧ ಏರುವುದು ಬೇರೆ, ದಾಖಲಾಗುವುದು ಏರುವುದು ಬೇರೆ. ಟಿವಿಯವರು ಆ ಪುಟ ಬಿಟ್ಟು ಉಳಿದದ್ದನ್ನು ಓದುತ್ತಾರೆ. ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡಿನಲ್ಲಿ 1982ರಿಂದ ಮನೆಮನೆಗೆ ಹೋಗಿ ನಿಮಗೆ ಏನಾಯಿತು, ಪೊಲೀಸರಿಗೆ ಹೇಳಿದಿರಾ ಎಂದು ಕೇಳುವ ಸಮೀಕ್ಷೆ ಇದೆ. ಅಮೆರಿಕದ ಸಮೀಕ್ಷೆಯಲ್ಲಿ ಹಿಂಸೆಗೆ ಗುರಿಯಾದವರಲ್ಲೂ ಅರ್ಧಕ್ಕಿಂತ ಕಡಿಮೆ ಮಂದಿ ಪೊಲೀಸರಿಗೆ ಹೇಳಿರುತ್ತಾರೆ. ಶ್ರೀಮಂತ ದೇಶದಲ್ಲೇ ಹೀಗೆ. ನಮ್ಮಲ್ಲಿ ವರ್ಷ ವರ್ಷ ಇಡೀ ದೇಶ ಹೀಗೆ ಕೇಳುವ ಪದ್ಧತಿಯೇ ಇಲ್ಲ.

ಸ್ಥಳ ಮತ್ತು ಸಮಯದ ಗೊಂದಲ ಬೇರೆ. ನಮ್ಮ ಎಫ್‌ಐಆರ್‌ಗಳಲ್ಲಿ ಸ್ಥಳ ಅಂದರೆ ಬಸ್ ಸ್ಟಾಪ್ ಹತ್ತಿರದ ಸಾರ್ವಜನಿಕ ಜಾಗ. ಗೋವಾದಿಂದ ಅಂಕೋಲೆಗೆ ಹೋಗುತ್ತಿದ್ದವನು ನಮ್ಮ ಬಸ್ ಸ್ಟಾಪಿನಲ್ಲಿ ಸಿಕ್ಕರೂ ಬಿಂದಿ ಬಂದರು ವಾಡೆಗೆ. 2024ರ ಆಗಸ್ಟ್ 6-7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ನದಿಗೆ ಕುಸಿದ ಮೇಲೆ ಬರುವ ಹೋಗುವ ಗಾಡಿಯೆಲ್ಲ ಹೊಸ ಸೇತುವೆಗೇ ಬಿತ್ತು, ದಟ್ಟಣೆಯಿಂದಾಗಿ ತಪಾಸಣೆ ನಮ್ಮ ಕಡೆ ಸರಿದದ್ದನ್ನು ನಾವೇ ಕಣ್ಣಾರೆ ಕಂಡಿದ್ದೆವು. ಆಮೇಲೆ ಅಂಟಿದ ಬಿಂದಿಗಳಲ್ಲಿ ಎಷ್ಟು ವಾಡೆಯವು, ಎಷ್ಟು ಸೇತುವೆಯವು? ಸಮಯವೂ ಅಷ್ಟೇ. ಬಾಟ್ಲಿ ಕೇಸಿಗೆ ಗಂಟೆ ನಿಮಿಷ ಇರುತ್ತದೆ, ಹಿಡಿದವರೇ ಬರೆಯುವುದಲ್ವಾ. ಕಳ್ಳತನಕ್ಕೆ ರಾತ್ರಿ ಎಂಟರಿಂದ ಬೆಳಗಿನ ಐದರ ನಡುವೆ ಎಂದಿರುತ್ತದೆ. ಯಾವ ಸಾಫ್ಟ್‌ವೇರಿಗೆ ಕೊಟ್ಟರೂ ಅದು ಗಂಟೆ ನಿಮಿಷ ಇದ್ದದ್ದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೈಕು ಒಂಬತ್ತಕ್ಕೆ ಬರುತ್ತಿದ್ದದ್ದು ಇದೇ ಕಾರಣಕ್ಕೆ.

ದಿಲ್ಲಿ ಪೊಲೀಸರು ಇಸ್ರೋ ನೆರವಿನಿಂದ ಮಾಡಿಕೊಂಡ ಸಿಮ್ಯಾಪ್ಸ್ ಎಂಬ ನಕ್ಷೆ ವ್ಯವಸ್ಥೆಯನ್ನು ಒಳಗೆ ಕೂತು ನೋಡಿ ವಿದುಷಿ ಮರ್ಡಾ ಮತ್ತು ಶಿವಾಂಗಿ ನಾರಾಯಣ್ 2020ರಲ್ಲಿ ಬರೆದದ್ದೂ ಇದೇ ದಿಕ್ಕಿನಲ್ಲಿದೆ: ಲೆಕ್ಕ ಒಂದು ಕಡೆಗೆ ವಾಲುವುದು ಯಂತ್ರಕ್ಕಿಂತ ಮೊದಲೇ, ಬಂದ ಕರೆಯನ್ನು ಕೂತು ದಾಖಲಿಸುವ ಮೇಜಿನಲ್ಲೇ ಶುರುವಾಗಿರುತ್ತದೆ.

ಪ್ಲಾಸ್ಟಿಕ್ ಕವರಿನ ಹುಡುಗ

ಸಭೆಯಿಂದ ಎದ್ದು ಹೋದ ಹುಡುಗನ ವಿಷಯ ಹೇಳದಿದ್ದರೆ ಈ ಪ್ರಕರಣ ಅರ್ಧವೇ. ಅವನಿಗೆ ಇಲ್ಲಿನ ದೊಡ್ಡ ಕಾಮಗಾರಿಯೊಂದರಲ್ಲಿ ಗುತ್ತಿಗೆ ಕೆಲಸ ಸಿಗುವುದಿತ್ತು. ಗೇಟ್ ಪಾಸಿಗೆ ಪೊಲೀಸ್ ಪರಿಶೀಲನೆ ಪತ್ರ ಬೇಕು. ಎರಡು ವರ್ಷದ ಹಿಂದೆ ಓಸಿ ಅಂಗಡಿ ಎದುರು ನಿಂತಿದ್ದಾಗ ಹೆಸರು ಬರೆದುಕೊಂಡಿದ್ದರು, ದಂಡ ಕಟ್ಟಿ ಮುಗಿದಿದೆ ಎಂದು ಇವನ ಲೆಕ್ಕ. ನಕ್ಷೆ ಹೋದಮೇಲೆ ಬೀಟಿನವರು ವಾಡೆಯಲ್ಲಿ ಮೊದಲು ವಿಚಾರಿಸಿದ್ದು ಹಳೇ ಹೆಸರಿದ್ದವರನ್ನು. ಎರಡು ಸಲ ಮನೆಗೆ ಬಂದರು. ಅವನು ಆಧಾರ್, ಐಟಿಐ ಮಾರ್ಕ್ಸ್ ಕಾರ್ಡು, ದಂಡದ ರಸೀದಿ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದ. ಮಳೆಗೆ ರಸೀದಿಯ ಶಾಯಿ ಹರಡಿ ಅಕ್ಷರವೇ ಕಾಣುತ್ತಿರಲಿಲ್ಲ. ಕೆಲಸ ಆ ಸಲ ಬೇರೆಯವನಿಗೆ ಹೋಯಿತು.

ನಾವು ಜಾಗದ ನಕ್ಷೆ ಮಾಡಿದ್ದೆವು, ಯಾರ ಪಟ್ಟಿಯನ್ನೂ ಮಾಡಿರಲಿಲ್ಲ. ಆದರೆ ಜಾಗಕ್ಕೆ ಹೋದವರು ಜನರನ್ನೇ ನೋಡುತ್ತಾರೆ. ಶಿಕಾಗೋದಲ್ಲಿ ನೇರವಾಗಿ ಜನರ ಪಟ್ಟಿಯನ್ನೇ ಮಾಡಿದ್ದರು, ಒಬ್ಬೊಬ್ಬರಿಗೆ ಒಂದೊಂದು ಅಂಕ ಕೊಟ್ಟು, ಸುಮಾರು 4 ಲಕ್ಷ ಹೆಸರು. ಗುಂಡೇಟು ಕಡಿಮೆಯಾಗಲಿಲ್ಲ ಎಂದು 2016ರಲ್ಲಿ ಅಧ್ಯಯನ ಹೇಳಿತು, 2019ರಲ್ಲಿ ಪಟ್ಟಿ ನಿಲ್ಲಿಸಿದರು. ಯೂರೋಪ್ ಒಕ್ಕೂಟ 2025ರ ಫೆಬ್ರವರಿಯಿಂದ, ಬರೀ ಒಬ್ಬನ ಸ್ವಭಾವ, ಹಿನ್ನೆಲೆ ನೋಡಿ ಇವನು ಅಪರಾಧ ಮಾಡುತ್ತಾನೆ ಎಂದು ಯಂತ್ರದಿಂದ ಹೇಳಿಸುವುದನ್ನು ನಿಷೇಧಿಸಿದೆ. ಜಾಗ ಊಹಿಸುವುದಕ್ಕೆ ಆ ನಿಷೇಧ ಇಲ್ಲ. ಕಾಗದದಲ್ಲಿ ಈ ಗೆರೆ ಚೆನ್ನಾಗಿದೆ, ನಮ್ಮಂಥ ಊರಲ್ಲಿ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಆ ಹುಡುಗನನ್ನು ಕೇಳಬೇಕು. ಹುಟ್ಟಿದ ಕೂಡಲೇ ಕಳ್ಳರು ಎಂದು ಇಡೀ ಸಮುದಾಯಗಳನ್ನು ದಾಖಲೆಗೆ ಹಾಕಿದ 1871ರ ಕಾಯ್ದೆಯನ್ನು ಕಂಡ ದೇಶ ಇದು, 1952ರಲ್ಲಿ ಅದು ಹೋದರೂ ಆ ಕಣ್ಣು ಹೋಗಲಿಲ್ಲ. ಹಿಂದುಳಿದ, ಬಡ ಸಮುದಾಯದವರ ಹೆಸರನ್ನು ಹಿಸ್ಟರಿ ಶೀಟಿಗೆ ಯಾಂತ್ರಿಕವಾಗಿ ಸೇರಿಸಬೇಡಿ ಎಂದು 2024ರ ಮೇ ತಿಂಗಳಲ್ಲೂ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಎರಡನೇ ಸಭೆ

ಎರಡನೇ ಸಭೆಯಲ್ಲಿ ನಾನು ತಪ್ಪು ಒಪ್ಪಿಕೊಂಡೆ. ಸುಲಭ ಇರಲಿಲ್ಲ, ಮುಂದಿನ ಬೆಂಚಿನಲ್ಲಿ ನನ್ನ ವಿದ್ಯಾರ್ಥಿಗಳೇ ಕೂತಿದ್ದರು.

ನಕ್ಷೆ ಹರಿದು ಹಾಕಿ ಎಂದರು ಬಂದರು ವಾಡೆಯ ಕೆಲವರು. ಲಾಸ್ ಏಂಜಲೀಸ್ 2020ರ ಏಪ್ರಿಲ್‌ನಲ್ಲಿ ಪ್ರೆಡ್‌ಪೋಲ್ ಕೈಬಿಟ್ಟಿತು, ಅದು ಹುಟ್ಟಿದ ಸಾಂಟಾ ಕ್ರೂಜ್ ನಗರವೇ ಅದೇ ಜೂನ್‌ನಲ್ಲಿ ಇಂಥ ಊಹೆಯನ್ನು ನಿಷೇಧಿಸಿತು ಎಂದು ಹುಡುಗಿ ಓದಿ ಹೇಳಿದಳು. ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್ ಎಂಬ ಊರಲ್ಲಿ ಆ ಸಾಫ್ಟ್‌ವೇರ್ ಹೇಳಿದ 23,631 ಊಹೆಗಳಲ್ಲಿ ಸರಿಬಂದದ್ದು ಶೇಕಡಾ 0.5ಕ್ಕಿಂತಲೂ ಕಡಿಮೆ ಎಂದು 2023ರಲ್ಲಿ ಪತ್ರಕರ್ತರು ಲೆಕ್ಕ ಹಾಕಿದ್ದಾರೆ. ಅಷ್ಟು ಮನೆ ಒತ್ತಾಗಿರುವ ಊರಲ್ಲೇ ಹೀಗಾದರೆ, ವರ್ಷಕ್ಕೆ ನಾಲ್ಕು ಕಳ್ಳತನ ಆಗುವ ನಮ್ಮಲ್ಲಿ ಊಹಿಸಲು ಏನಿದೆ?

ಆಗ ನಿವೃತ್ತ ಹಿರಿಯರು ಎದ್ದರು. ಹರಿಯಿರಿ, ಆದರೆ ನಾಳೆ ರಾತ್ರಿಯೂ ಬೈಕು ಒಂದೇ, ಎಲ್ಲಿಗೆ ಹೋಗಬೇಕು ಎಂದು ಯಾರು ಹೇಳುತ್ತಾರೆ? ಲೆಕ್ಕ ಇಲ್ಲದಿದ್ದರೆ ಸಾಹೇಬರ ಫೋನ್ ನಂಬರ್ ಇದ್ದವನ ಮನೆ ಮುಂದೆ ನಿಲ್ಲುತ್ತದೆ, ನಾನು ಅಂಥ ಡ್ಯೂಟಿ ಎಷ್ಟು ಮಾಡಿಲ್ಲ ಎಂದರು. ಯಾರೂ ಎದುರು ಮಾತಾಡಲಿಲ್ಲ. ಆ ಫೋನ್ ನಂಬರ್ ಯಾರ ಯಾರ ಹತ್ತಿರ ಇದೆ, ಅವರೆಲ್ಲ ಯಾವ ವಾಡೆಯವರು ಎಂದು ಎಲ್ಲರಿಗೂ ಗೊತ್ತಿತ್ತು. ನಕ್ಷೆ ಉಳಿಯಬೇಕು ಎಂದು ನನಗೆ ಅನ್ನಿಸಿದ್ದು ಈ ಮಾತಿನಿಂದ.

ಕೊನೆಗೆ ಆದದ್ದು ಹೀಗೆ. ಸರಕಾರಿ ತರ್ಫೆಯ ಬಿಂದಿಗಳನ್ನೆಲ್ಲ ಕಿತ್ತು ನಕ್ಷೆಯ ಅಂಚಿನಲ್ಲಿ ಬೇರೆಯಾಗಿ ಅಂಟಿಸಿದೆವು. ಅವೂ ಕೇಸುಗಳೇ, ಆದರೆ ಕಳ್ಳನನ್ನು ಕಾಯುವ ಬೀಟಿಗೆ ಅವುಗಳಿಂದ ಏನೂ ತಿಳಿಯುವುದಿಲ್ಲ. ಬಂದರು ವಾಡೆಯ ಸ್ವಸಹಾಯ ಗುಂಪಿನವರೂ ನಮ್ಮ ವಾಡೆಯ ಇಬ್ಬರೂ ಸೇರಿ ಮನೆಮನೆಗೆ ಹೋಗಿ, ನಿಮ್ಮದೇನು ಹೋಗಿದೆ, ಎಷ್ಟೊತ್ತಿಗೆ, ದೂರು ಕೊಟ್ಟಿರಾ, ಇಲ್ಲವಾದರೆ ಯಾಕೆ, ಎಂದು ಕೇಳಿ ಬಂದರು. ಹಳದಿ ಬಿಂದಿ ಅಂಟಿಸಿದೆವು. ತಮಾಷೆ ನೋಡಿ, ಬಿಳಿ ಇದ್ದ ಗದ್ದೆ ವಾಡೆಯೂ ಹಳದಿಯಾಯಿತು. ಕೊಟ್ಟಿಗೆಯಿಂದ ಹೋದ ತಾಮ್ರದ ಹಂಡೆ, ಅಂಗಳದಿಂದ ಹೋದ ತೆಂಗಿನಕಾಯಿ ರಾಶಿ, ಒಂದು ಮನೆಯಲ್ಲಿ ಮನೆಯವರೇ ಕದ್ದ ಬಳೆ. ಮರ್ಯಾದೆಗೆ ಅಂಜಿ ಇವರೂ ಬಾಯಿ ಬಿಟ್ಟಿರಲಿಲ್ಲ. ಬಳೆಗೆ ಬಿಂದಿ ಬೇಡ ಎಂದು ಆ ಮನೆಯ ಅಜ್ಜಿ ಕೈ ಮುಗಿದರು, ಹಾಕಲಿಲ್ಲ. ಹಾಗಾಗಿ ಈ ನಕ್ಷೆಯೂ ಪೂರ್ತಿ ನಿಜವಲ್ಲ.

ಸಾಹೇಬರು ಬಂದು ನೋಡಿದರು. ಎಲ್ಲ ಒಪ್ಪಲಿಲ್ಲ. ಬಾಟ್ಲಿ ಕೇಸು ಬಿಡಲಾಗದು, ತಿಂಗಳ ವರದಿಯಲ್ಲಿ ಅದಕ್ಕೂ ಕಾಲಂ ಇದೆ ಎಂದರು. ಆದರೆ ಬೀಟಿನ ಹೊತ್ತು ಬದಲಾಯಿತು. ಎಂಜಿನ್ ಹೋದ ಮನೆಯವರೆಲ್ಲ ಹೇಳಿದ್ದು ಒಂದೇ ಹೊತ್ತು, ನಡುರಾತ್ರಿ ಎರಡು ದಾಟಿ, ಜೋರು ಮಳೆ ಇರುವಾಗ. ಬೈಕು ಬಸ್ ಸ್ಟಾಪ್ ಬಿಟ್ಟು ಮರಳಿನ ದಾರಿಗೆ ಬರಬೇಕು, ಕ್ಯೂಆರ್ ಕೋಡನ್ನು ದೋಣಿ ಎಳೆಯುವ ಜಾಗದ ತೆಂಗಿನ ಮರಕ್ಕೆ ಹಚ್ಚಬೇಕು ಎಂದಾಯಿತು. ಅಲ್ಲಿಗೆ ಹೋದವರು ದೋಣಿ ನೋಡಬೇಕು, ಚೀಲ ನೋಡುವುದು ಬೇಡ ಎಂದೂ ಕೇಳಿಕೊಂಡೆವು. ಅದಕ್ಕೆ ಅವರು ನಕ್ಕು ಸುಮ್ಮನಾದರು.

ಸ್ವಸಹಾಯ ಗುಂಪಿನವರು ಒಂದು ನೂರು ಪುಟದ ನೋಟ್‌ಬುಕ್ ಇಟ್ಟರು. ವಾಡೆಯ ಪ್ರತಿ ಎಂಜಿನ್ನಿನ ನಂಬರು, ಬಣ್ಣ, ಎಲ್ಲಿ ಗೀರಿದೆ, ಯಾರಿಂದ ಕೊಂಡದ್ದು. ತುಕ್ಕು ಹಿಡಿದ ನಂಬರ್ ಪ್ಲೇಟನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಮೊಬೈಲ್ ಟಾರ್ಚು ಹಿಡಿದು ಓದಿದರು. ಪ್ಲಾಸ್ಟಿಕ್ ಕವರಿನ ಹುಡುಗನ ಅಕ್ಷರ ಚೆನ್ನಾಗಿದೆ, ಬರೆದದ್ದು ಅವನೇ. ಅವನ ಪರಿಶೀಲನೆ ಪತ್ರ ಇನ್ನೂ ಬಂದಿಲ್ಲ.

ಆಗಸ್ಟಿನಲ್ಲಿ ಮತ್ತೊಂದು ಎಂಜಿನ್ ಹೋಯಿತು. ಬೀಟ್ ಬಂದು ಹೋದ ಮೇಲೇ ಹೋಗಿತ್ತು. ಈ ಸಲ ಅದೇ ಮೀನು ಮಾರುವ ಹೆಂಗಸಿನ ಅಕ್ಕನ ಮನೆಯದು. ಇಬ್ಬರೂ ನೋಟ್‌ಬುಕ್ ಹಿಡಿದುಕೊಂಡು ಠಾಣೆಗೆ ಹೋದರು, ನಾನೂ ಜೊತೆಗಿದ್ದೆ. ಬಿಲ್ ಎಂದರು, ನೋಟ್‌ಬುಕ್ ತೋರಿಸಿದರು. ಸ್ವಲ್ಪ ಹೊತ್ತು ಕಾಯಿಸಿ ಬರೆದುಕೊಂಡರು. ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಅಕ್ಕನಿಗೆ ಓದಲು ಬರುವುದಿಲ್ಲ, ತಂಗಿ ಬೆರಳಿಟ್ಟು ಹುಡುಕಿದರು. ಫಿರ್ಯಾದಿ ಎಂಬ ಕಾಲಂ ಎದುರು ಅಕ್ಕನ ಹೆಸರಿತ್ತು. ಒಂದಕ್ಷರ ತಪ್ಪಾಗಿತ್ತು. ತಿದ್ದಿಸಿಕೊಂಡು ಬಂದರು.